ಅನಮೋಡದ ಕಲ್ಲು ತಿರುಗಿದ್ದು

ದಾಂಡೇಲಿ
೧೬ ಜನವರಿ ೨೦೨೫

ಪ್ರೀತಿಯ ಸ್ವಪ್ನಾ,

ಲಕೋಟೆಯ ಮೇಲಿನ ನನ್ನ ಅಕ್ಷರ ಗುರುತಿಸಿ ನೀನು ಇದನ್ನು ಒಡೆಯದೆ ಇಟ್ಟಿರಲೂಬಹುದು. ಒಡೆದಿದ್ದರೆ ಕೊನೆಯವರೆಗೆ ಓದು. ಫೋನ್ ಮಾಡಬಹುದಿತ್ತು. ಆದರೆ ನೀನು ಆ ಕಡೆ ಸುಮ್ಮನಾಗಿಬಿಟ್ಟರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ.

ಪಾಳಾದಿಂದ ದಿನಾಲೂ ಮುಂಡಗೋಡದ ಶಾಲೆಗೆ ಹೋಗಿ ವಿಜ್ಞಾನ ಕಲಿಸುತ್ತೀಯೆಂದು ಕೇಳಿದೆ. ಅವ್ವನ ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ಅಪ್ಪ ಕಾರ್ಖಾನೆಯಿಂದ ಬಂದು ಊಟಕ್ಕೆ ಕೂತಾಗ, "ಆ ಪಾಳಾದ ಹುಡುಗಿ ಯಾಕ ಬರೂದ ಬಿಟ್ಟಳು?" ಎಂದು ಈಗಲೂ ಕೇಳುತ್ತಾರೆ. ಕೆಲಸ ಸಿಕ್ಕಿತು ಎಂದು ಹೇಳಿ ಮಾತು ಮರೆಸುತ್ತೇನೆ.

ಹೋದ ವಾರ ಮತ್ತೆ ಅನಮೋಡಕ್ಕೆ ಹೋಗಿದ್ದೆ. ನನ್ನ ಪಿಎಚ್‌ಡಿ ಪ್ರಬಂಧ ನೋಡಿದವರು ಆ ಘಾಟಿನಿಂದ ಇನ್ನಷ್ಟು ಕಲ್ಲು ಬೇಕೆಂದಿದ್ದರು. ಅಂದು ನಾವಿಬ್ಬರೂ ಹೋದಾಗ ನೀರಿನ ಕ್ಯಾನು ಹೊತ್ತಿದ್ದ ಜೈರಾಮಣ್ಣನೇ ಈ ಸಲವೂ ಬಂದ. ನೀನು ಅವನಿಗೆ ಕಲಿಸಿದ್ದನ್ನು ಅವನು ಮರೆತಿಲ್ಲ. "ಕಲ್ಲ ಕಾದು ಕರಗಿದ್ದಾಗ ಅದರಾಗಿನ ಕಬ್ಬಿಣದ ಕಣಾ ಉತ್ತರಕ್ಕ ಮುಖಾ ಮಾಡ್ತಾವ, ತಣ್ಣಗಾದ ಮ್ಯಾಲ ಹಂಗ ನಿಂತಬಿಡ್ತಾವ. ಆಮ್ಯಾಲ ನೆಲಾನ ಎರಡೂ ಕಡೆ ಜಗ್ಗಿ ಹರದು, ತುಂಡ ತಿರಗಿದ್ರ ಅವುಗಳ ಮುಖಾನೂ ತಿರಗತೈತಿ. ಹೌದಲ್ರಿ?" ಎಂದ. ಹೌದೆಂದೆ. "ಹಂಗಾರ ನಮ್ಮ ಘಾಟ ತಿರಗೈತೋ ಇಲ್ಲೋ?" ಎಂದು ಕೇಳಿದ.

ನಿನಗೆ ಉತ್ತರ ಎರಡು ವರ್ಷದ ಹಿಂದೆಯೇ ಗೊತ್ತಿತ್ತು. ನೀನು ಕೊರೆದು ತೆಗೆದ ಆರೂ ತುಂಡುಗಳು ಹಳಿಯಾಳದ ಕಡೆಯ ಕಲ್ಲಿಗಿಂತ ಇಪ್ಪತ್ತು ಡಿಗ್ರಿ ತಿರುಗಿ ನಿಂತಿದ್ದವು. ನಮ್ಮಿಬ್ಬರ ಗೈಡ್ ಉದಯಕುಮಾರ ಸರ್ ನಂಬಲಿಲ್ಲ. "ಆ ಕರಿಕಲ್ಲ ದಿಕ್ಸೂಚಿ ಮುಳ್ಳನ್ನ ಎಳಕೊಂಡಿರತೈತಿ. ಬಿಸಲಾಗ ನೆರಳ ನೋಡಿ ದಿಕ್ಕ ಹಿಡದೀರೇನು?" ಎಂದರು. ಹಿಡಿದಿದ್ದೇನೆ ಎಂದೆ ನೀನು. ಸರ್ ನನ್ನ ಕಡೆ ತಿರುಗಿ, "ಅವತ್ತ ಬಿಸಲ ಇತ್ತೇನು?" ಎಂದು ಕೇಳಿದರು.

"ಮೋಡ ಇತ್ತು ಸರ್" ಎಂದೆ.

ಮೋಡ ಇದ್ದದ್ದು ನಿಜ. ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳ ಕಿತ್ತು ಹಾಕುತ್ತ ಬೆಳಗಿನಿಂದ ಕಾದಿದ್ದೆವಲ್ಲ. ಆದರೆ ಮಧ್ಯಾಹ್ನ ಹತ್ತು ನಿಮಿಷ ಬಿಸಿಲು ಬಿತ್ತು. ನೀನು ಓಡಿ ಹೋಗಿ ಕಲ್ಲಿನ ಮೇಲೆ ಸೂಜಿ ನಿಲ್ಲಿಸಿ ಅದರ ನೆರಳು ಗುರುತಿಸಿದೆ. ಗಡಿಯಾರ ನೋಡಿ ಸಮಯ ಹೇಳಿದವಳು ನಾನೇ. ನೆಲ ತಿರುಗಿಲ್ಲವೆಂದು ನನ್ನ ಅಧ್ಯಾಯದಲ್ಲಿ ಬರೆದಾಗಿತ್ತು, ಮುಂದಿನ ವಾರ ಅದನ್ನೇ ಎಲ್ಲರೆದುರು ಓದಬೇಕಿತ್ತು. ಸರ್ ಎದುರು ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ನಾನು ಕಿಟಕಿಯ ಕಡೆ ನೋಡಿದೆ. "ಲೆಕ್ಕಾ ಕುಂತಲ್ಲೆ ಬರದಿರಬೇಕು" ಎಂದು ಸರ್ ನಿನ್ನ ಅಳತೆಯ ವಹಿ ಮುಚ್ಚಿದರು. ಹದಿನೈದು ದಿನದಲ್ಲಿ ನೀನು ಹಾಸ್ಟೆಲ್ ಬಿಟ್ಟೆ. ನಿನ್ನ ಟ್ರಂಕು ಕೆಳಗಿಳಿಸಲೂ ನಾನು ಬರಲಿಲ್ಲ.

ಈ ಸಲ ಎಂಟು ಕಡೆ ಕೊರೆದೆ. ಬಿಸಿಲು ಚೆನ್ನಾಗಿತ್ತು. ಎರಡನೆಯ ದಿನ ಜೈರಾಮಣ್ಣ ತಾನಾಗಿಯೇ, "ಆ ಅಕ್ಕಾರು ಬರ್ಲಿಲ್ಲೇನ್ರಿ? ಅವತ್ತ ಬಿಸಲ ಬಂತ ಬಿಸಲ ಬಂತ ಅಂತ ಜಾರಿ ಬಿದ್ದು, ಮತ್ತ ಎದ್ದು ಓಡಿದ್ರಲ್ಲ!" ಎಂದು ನಕ್ಕ. ನನ್ನ ಕೈಯಲ್ಲಿದ್ದ ಸೀಸದಕಡ್ಡಿ ಹಾಳೆಯ ಮೇಲೆ ನಿಂತುಬಿಟ್ಟಿತು. ಇಷ್ಟು ದಿನ ಆ ಹತ್ತು ನಿಮಿಷ ನಿನಗೂ ನನಗೂ ಮಾತ್ರ ಗೊತ್ತೆಂದುಕೊಂಡಿದ್ದೆ. ನೀರಿನ ಕ್ಯಾನು ಎತ್ತುವ ನೆವದಲ್ಲಿ ಆ ಕಡೆ ತಿರುಗಿ ಅತ್ತೆ.

ಅಳತೆ ನಿನ್ನೆ ಮುಗಿಯಿತು. ಎಂಟರಲ್ಲಿ ಏಳು ನಿನ್ನ ಅಳತೆಗೇ ಹೊಂದಿದವು. ಹದಿನೆಂಟು, ಇಪ್ಪತ್ತೊಂದು, ಇಪ್ಪತ್ತು ಡಿಗ್ರಿ. ಪಡುವಣದ ನೆಲ ಹಿಗ್ಗಿ ಹರಿದಾಗ ಆ ಘಾಟಿನ ತುಂಡು ನಿಜವಾಗಿ ತಿರುಗಿದೆ, ಸ್ವಪ್ನಾ. ಅದನ್ನು ಮೊದಲು ಕಂಡವಳು ನೀನು. ಇದನ್ನು ಮೊದಲು ನಿನಗೆ ತಿಳಿಸಿ, ಸೋಮವಾರ ಸರ್‌ಗೆ ಹೇಳುತ್ತೇನೆ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ
ಶೈಲಶ್ರೀ

ತಾ.ಕ. ಧಾರವಾಡ, ೨೦ ಜನವರಿ. ಮೇಲಿನದನ್ನು ನಾಲ್ಕು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಸರ್‌ಗೆ ಹೇಳುವ ಧೈರ್ಯ ಬಾರದಿದ್ದರೆ ನಿನಗೂ ಕಳಿಸಬಾರದೆಂದು. ಇಂದು ಬೆಳಿಗ್ಗೆ ಹೇಳಿದೆ, ಅಧ್ಯಾಯವನ್ನೂ ವಾಪಸ್ ತೆಗೆದುಕೊಂಡೆ. ನನಗೆ ಏನು ಶಿಕ್ಷೆಯೋ ಇನ್ನೂ ಗೊತ್ತಿಲ್ಲ. ಆಮೇಲೆ ಸರ್ ತಾವೇ ವಿಶ್ವವಿದ್ಯಾಲಯದ ಕಚೇರಿಗೆ ನಡೆದು ಹೋಗಿ ಬಂದರು. "ಆಕಿ ಬಿಟ್ಟಹೋಗ್ತೇನಿ ಅಂತ ಅರ್ಜಿ ಕೊಟ್ಟೇ ಇಲ್ಲ. ಹೆಸರ ಇನ್ನೂ ಪಟ್ಟ್ಯಾಗ ಐತಿ. ನಾನ ಪಾಳಾಕ್ಕ ಹೋಗಿ ಕರದ್ರ ಬರತಾಳೇನು?" ಎಂದು ಕೇಳಿದರು. ನಿನ್ನ ಪರವಾಗಿ ಉತ್ತರ ಹೇಳುವ ಹಕ್ಕು ನನಗಿಲ್ಲವೆಂದೆ. ರವಿವಾರ ಅವರು ಬರುತ್ತಾರೆ. ನಾನು ಜೊತೆಗೆ ಬರುವುದಿಲ್ಲ. ನನ್ನ ಮೇಲಿನ ಸಿಟ್ಟಿಗೆ ಅವರನ್ನು ಬಾಗಿಲಿಂದ ಕಳಿಸಬೇಡ.