ಜೈತುನಬಿಯ ಬುಟ್ಟಿ

ಹುಬ್ಬಳ್ಳಿ
ಹದಿಮೂರನೇ ತಿಂಗಳು, ತಾರೀಖು ನಾಲ್ಕು, 2151

ಹುಲಿಗೆವ್ವಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಮಾಯವ್ವ ಮಾಡುವ ನಮಸ್ಕಾರಗಳು.

ಹದಿಮೂರನೇ ತಿಂಗಳು ಎಂದು ಕೇಳಿ ಗಾಬರಿಯಾಗಬೇಡ. ಪಂಚಾಂಗದವರು ಅಧಿಕ ಮಾಸ ಸೇರಿಸುತ್ತಿದ್ದ ಹಾಗೆ ನಾವೂ ಒಂದು ತಿಂಗಳು ಸೇರಿಸಿಕೊಂಡಿದ್ದೇವೆ, ಅಷ್ಟೇ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರ ಅನಿಸಬಹುದು. ಕ್ಷಮಿಸು, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಓದಿ ಹೇಳಲು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೋ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಸ್ಥಿತಿಯಲ್ಲಿ ನಾನಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ನಮ್ಮ ಪಕ್ಕದ ಮನೆಯ ಜೈತುನಬಿ ಮಲಗಿದ್ದಾಳೆ. ನಾನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಇನ್ನೂ ಕಣ್ಣು ಬಿಟ್ಟಿಲ್ಲ.

ನೀನು ಬೀದಿ ಬೀದಿ ತಳ್ಳುಗಾಡಿ ದೂಡಿದವಳು, ಆದ್ದರಿಂದ ಮೊದಲು ಕಸದ ವಿಷಯ. ಈಗ ಪ್ರತಿ ಮನೆಯ ಬಾಗಿಲಲ್ಲೂ ಒಂದು ಬಲ್ಲಬುಟ್ಟಿ ಇರುತ್ತದೆ. ಒಳಗೆ ಬಿದ್ದದ್ದನ್ನು ತೂಗುತ್ತದೆ, ಮೂಸುತ್ತದೆ, ಹಸಿ ಯಾವುದು ಒಣ ಯಾವುದು ಎಂದು ತಾನೇ ಬೇರೆ ಮಾಡುತ್ತದೆ, ತುಂಬುವ ಹೊತ್ತಿಗೆ ಗಾಡಿಗೆ ಸುದ್ದಿ ಕಳಿಸುತ್ತದೆ. ಗಾಡಿಗೆ ಡ್ರೈವರ್ ಇಲ್ಲ. ಊರಿನ ಅಷ್ಟೂ ಬುಟ್ಟಿಗಳ ಸುದ್ದಿ ಬಂದು ಸೇರುವ ಜಾಗಕ್ಕೆ ಕೇಳುಮನೆ ಎನ್ನುತ್ತೇವೆ. ನನ್ನ ನೌಕರಿ ಅಲ್ಲಿ. ಗೋಡೆ ತುಂಬ ಊರಿನ ನಕ್ಷೆ. ಕಸ ಹಾಕಿದ ಮನೆ ಹಸಿರು, ಹಾಕದ ಮನೆ ಬೂದು. ರಸ್ತೆ ಮೂಲೆಯಲ್ಲಿ ಗುಡ್ಡೆ ಇಲ್ಲ, ನೊಣ ಇಲ್ಲ, ಬರಿಗೈಯಲ್ಲಿ ಇನ್ನೊಬ್ಬರ ಕೊಳೆ ಎತ್ತುವವರು ಯಾರೂ ಇಲ್ಲ. ಇದನ್ನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿನ್ನ ಕೈಯ ಹುಣ್ಣುಗಳ ಕಥೆ ಕೇಳಿ ಬೆಳೆದವಳು ನಾನು.

ಆದರೆ ಒಂದು ನಿಯಮವಿದೆ. ಐದು ದಿನ ಬುಟ್ಟಿಗೆ ಏನೂ ಬೀಳದಿದ್ದರೆ ಆ ಮನೆಗೆ ಮೌನಮನೆ ಎಂದು ಹೆಸರು ಬೀಳುತ್ತದೆ, ಅಂದರೆ ಒಳಗೆ ಯಾರೂ ಇಲ್ಲ ಎಂದು ಲೆಕ್ಕ. ನಲ್ಲಿ ತಾನಾಗಿ ಬಂದ್ ಆಗುತ್ತದೆ. ಖಾಲಾ ಕೌದಿ ಹೊಲಿಯುವವಳು. ಹರಿದ ಸೀರೆ, ತುಂಡು ಬಟ್ಟೆ, ದಾರದ ಎಳೆ ಕೂಡ ಕೌದಿಯ ಹೊಟ್ಟೆಗೆ ಹೋಗುತ್ತದೆ. ಸಿಪ್ಪೆ ಓಣಿಯ ಆಡುಗಳಿಗೆ, ಉಳಿದ ರೊಟ್ಟಿ ಮರುದಿನ ಒಗ್ಗರಣೆಗೆ. ಹೀಗಾಗಿ ಎರಡು ಸಲ ಅವಳ ನಲ್ಲಿ ನಿಂತಿತು. ಎರಡನೇ ಸಲ ಖಾಲಿ ಕೊಡ ಹಿಡಿದುಕೊಂಡು ನನ್ನನ್ನು ಕೇಳಿದಳು: “ಚೆಲ್ಲಾಕ ಏನೂ ಇಲ್ಲಂದ್ರ ನಾ ಬದುಕಿಲ್ಲೇನವಾ?” ನನಗೆ ನಗುವೂ ಬಂತು, ಪಾಪ ಎಂದೂ ಅನಿಸಿತು. ಅಂದಿನಿಂದ ಕೆಲಸಕ್ಕೆ ಹೋಗುವಾಗ ನಮ್ಮ ಮನೆಯ ಒಂದು ಹಿಡಿ ಸಿಪ್ಪೆಯನ್ನು ಅವಳ ಬುಟ್ಟಿಗೆ ಹಾಕಿ ಹೋಗತೊಡಗಿದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಸೋಮವಾರ ನಸುಕಿನಲ್ಲಿ ಖಾಲಾ ಬಚ್ಚಲಲ್ಲಿ ಬಿದ್ದಿದ್ದಾಳೆ. ಸೋಮವಾರ ನಾನು ಹೀರೇಕಾಯಿ ಸಿಪ್ಪೆ ಹಾಕಿದೆ, ಮಂಗಳವಾರ ಮೆಂತ್ಯದ ಕಡ್ಡಿ, ಬುಧವಾರ ಏನು ಹಾಕಿದೆನೋ ನೆನಪಿಲ್ಲ. ಮೂರೂ ದಿನ ಅವಳ ಬಾಗಿಲು ಮುಚ್ಚಿತ್ತು. ಮಂಗಳವಾರ ಒಮ್ಮೆ ಅನುಮಾನ ಬಂದಿತ್ತು. ಕೇಳುಮನೆಯ ಗೋಡೆ ನೋಡಿದೆ, ಅವಳ ಮನೆ ಹಸಿರಾಗಿತ್ತು, ಮನಸ್ಸಿಗೆ ಸಮಾಧಾನವಾಯಿತು. ಆ ಹಸಿರು ನಾನೇ ಹಾಕಿದ ಕಡ್ಡಿಯದು ಎಂಬುದು ನನಗೆ ಹೊಳೆಯಲೇ ಇಲ್ಲ, ಅಜ್ಜೀ. ಬುಧವಾರ ಮಧ್ಯಾಹ್ನ ಕೌದಿ ಒಯ್ಯಲು ಬಂದ ಹೆಂಗಸು ಬಚ್ಚಲ ಕಿಟಕಿಯಲ್ಲಿ ಇಣುಕಿ ಕೂಗಿಕೊಂಡಳು. ಬಿದ್ದ ದಿನವೇ ಕರೆತಂದಿದ್ದರೆ ಇಷ್ಟು ಹೆದರಬೇಕಿರಲಿಲ್ಲ ಎಂದರು ಡಾಕ್ಟರ್. ನಾಳೆಯವರೆಗೆ ಏನೂ ಹೇಳಲಾಗದಂತೆ.

ಎಲ್ಲಿ ತಪ್ಪಿತು ನೋಡೋಣವೆಂದು, ಬುಟ್ಟಿಗಳಿಗೆ ಮೊದಲ ಪಾಠ ಕಲಿಸಿದ ಕಾಲದ ಕಡತವನ್ನು ಇಲ್ಲೇ ಕೂತು ತೆರೆದೆ. ಅದರಲ್ಲಿ ನಿನ್ನ ಹೆಸರಿದೆ. ಇಬ್ಬರು ಇಂಜಿನಿಯರರು ಒಂದು ವಾರ ನಿನ್ನ ಗಾಡಿಯ ಹಿಂದೆ ತಿರುಗಿ, ನೀನು ಮಾಡುವ ಕೆಲಸಗಳ ಪಟ್ಟಿ ಬರೆದುಕೊಂಡಿದ್ದಾರೆ. ಯಾವ ಮನೆಯ ಕಸ ಎಷ್ಟು, ಯಾವ ಹಬ್ಬಕ್ಕೆ ಹೆಚ್ಚು, ಎಲ್ಲ ಇದೆ. ಕಸ ಬಾರದ ಬಾಗಿಲ ಮುಂದೆ ನೀನು ನಿಂತು, ಒಳಗಿನಿಂದ ಯಾರಾದರೂ ಓಗೊಡುವವರೆಗೆ ಹೆಸರು ಹಿಡಿದು ಕರೆಯುತ್ತಿದ್ದೆಯಂತೆ. ಅದೇಕೆ ಎಂದು ಅವರು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರವೂ ಇದೆ: “ಅದೇನ್ ಕೆಲಸ ಅಲ್ರೀ ಸರ. ಸುಮ್ನ ಕರೀತೀನಿ. ಅದನ್ನ ಬರೀಬ್ಯಾಡ್ರಿ.” ಅವರು ಆ ಸಾಲಿನ ಮೇಲೆ ಗೀಟು ಎಳೆದಿದ್ದಾರೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅದೂ ಕೆಲಸವೇ ಎಂದು ನಿನಗೆ ಯಾರೂ ಹೇಳಿರಲಿಲ್ಲ. ಆದರೆ ಈ ಪತ್ರ ಹಿಂದಕ್ಕೆ, ನಿನ್ನ ಕಾಲಕ್ಕೆ ಬಂದು ಮುಟ್ಟುವ ಹೊತ್ತಿಗೆ ಅವರಿಬ್ಬರೂ ನಿನ್ನಲ್ಲಿಗೆ ಬಂದಿರಲಿಕ್ಕಿಲ್ಲ. ಬಂದಾಗ ಸಂಕೋಚ ಮಾಡಬೇಡ. ಎಲ್ಲಕ್ಕಿಂತ ಮೊದಲು ಅದನ್ನೇ ಬರೆಸು, ಬರೆದದ್ದನ್ನು ಓದಿಸಿ ಕೇಳು. ಬುಟ್ಟಿ ಇರಲಿ, ಗಾಡಿಯೂ ಇರಲಿ, ಜೊತೆಗೆ ಬಾಗಿಲಿಗೆ ಬಂದು ಕರೆಯುವವರೊಬ್ಬರು ಇರಲಿ. ನೀನು ಹಾಗೆ ಬರೆಸಿದರೆ ಸೋಮವಾರ ಬೆಳಿಗ್ಗೆ ನಮ್ಮ ಓಣಿಗೆ ಯಾರಾದರೂ ಬಂದಿರುತ್ತಾರೆ. ಆಗ ಖಾಲಾಗೆ ಇನ್ನೂ ಎಚ್ಚರವಿರುತ್ತದೆ. ದನಿ ಸಣ್ಣಗಿರುತ್ತದೆ, ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಳ್ಳಬೇಕೆಂದು ಹೇಳು.

ಇಂತು ನಿನ್ನ
ಮಾಯವ್ವ