ನಕಾಶೆಯ ಮೇಲೆ ಹಾರಿದ ವಿಮಾನ

ಪಿಟ್ಸ್‌ಬರ್ಗ್
ಮಾರ್ಚ್ 30, 2019

ತಮ್ಮ ವೆಂಡೆಲ್‌ಗೆ,

ನೀನೂ ಜನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅಮ್ಮನನ್ನು ಮಣ್ಣು ಮಾಡಿದ ಮೇಲೆ ನಿನಗೆ ಬರೆಯಲು ಎಷ್ಟೋ ಸಲ ಕೂತೆ. ಪ್ರತಿ ಸಲವೂ ಬರೀ ಬೈಗುಳವೇ ಬಂತು, ಹರಿದು ಹಾಕಿದೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಕಳಿಸಿದ ಲಿಲ್ಲಿ ಹೂಗಳನ್ನು ಚರ್ಚಿನಲ್ಲಿ ಎಲ್ಲರೂ ಹೊಗಳಿದರು. ನೆರೆಯವರು ತಂದುಕೊಟ್ಟ ಹ್ಯಾಮ್ ಮಾಂಸ ಇನ್ನೂ ಫ್ರೀಜರಿನಲ್ಲಿದೆ.

ಅಡುಗೆಮನೆ ಗೋಡೆಯ ನಕಾಶೆ ನೆನಪಿದೆಯಲ್ಲ? ಅಪ್ಪ ಟ್ರಕ್ ತೆಗೆದುಕೊಂಡು ಪಶ್ಚಿಮಕ್ಕೆ ಹೋದಾಗಲೆಲ್ಲ ಅಮ್ಮ ಅದರ ಮೇಲೆ ಬೆರಳಿಟ್ಟು, "ಈಗ ನಿಮ್ಮಪ್ಪ ಅಯೋವಾದಲ್ಲಿ ಪೈ ತಿಂತಾ ಕೂತಿರ್ತಾರೆ ನೋಡ್ರೋ" ಅನ್ನುತ್ತಿದ್ದಳು. ಬೆರಳು ನಮ್ಮೂರು ಮುಟ್ಟುವ ಹೊತ್ತಿಗೆ ಹೊರಗೆ ಹಾರನ್ ಕೇಳಿಸಿದರೆ ಅವಳ ಮುಖ ನೋಡಬೇಕಿತ್ತು.

ಅಮ್ಮ ಹೋದ ದಿನ ಮಧ್ಯಾಹ್ನ ಡೆನ್ವರಿನಿಂದ ನಿನ್ನ ಮೆಸೇಜು ಬಂತು: "ವಿಮಾನ ಹತ್ತಿ ಕೂತಿದೀನಿ, ಕಿಟಕಿ ಪಕ್ಕದ ಸೀಟು. ಅಮ್ಮನಿಗೆ ಹೇಳು." ಹೇಳಿದೆ. ಅವಳಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ.

"ಎಷ್ಟು ದೂರವೇ?" ಎಂದಳು.

"ಸಾವಿರದ ಮುನ್ನೂರು ಮೈಲಿ ಅಮ್ಮ. ಆದ್ರೆ ಮೂರೇ ಗಂಟೆ."

"ನಿಮ್ಮಪ್ಪಂಗೆ ಎರಡು ದಿನ ಬೇಕಾಗ್ತಿತ್ತು. ಮೂರು ಗಂಟೆ ತಾನೇ, ಕಾಯ್ತೀನಿ ಬಿಡು."

ನರ್ಸ್ ಬೆಳಗ್ಗೆಯೇ ಕೈಚೆಲ್ಲಿದ್ದಳು. ಆದರೂ ಅಮ್ಮ ಕಾದಳು. ನಾನು ಆ ನಕಾಶೆಯನ್ನೇ ಕಿತ್ತು ತಂದು ಹೊದಿಕೆಯ ಮೇಲೆ ಹರಡಿ, ಅವಳ ಬೆರಳು ಹಿಡಿದು ನಡೆಸಿದೆ. ನೀನು ನೆಬ್ರಾಸ್ಕ ದಾಟಿದೆ. ಮಿಸಿಸಿಪ್ಪಿ ನದಿ ದಾಟಿದೆ. "ಕೆಳಗೆ ನೋಡ್ತಿದಾನೇನೇ?" ಎಂದು ಕೇಳಿದಳು. ಇಂಡಿಯಾನಾ ಬರುವಷ್ಟರಲ್ಲಿ ಅವಳ ಉಸಿರು ಸಿಕ್ಕಿಕೊಂಡಿತು. "ಒಹಾಯೋ ಒಂದು ದಾಟಿದ್ರೆ ನಮ್ಮೂರೇ ಅಮ್ಮ" ಎಂದು ಅಂಗಲಾಚಿದೆ.

ವಿಮಾನ ಹೊತ್ತಿಗೆ ಮುಂಚೆಯೇ ಇಳಿಯಿತಂತೆ. ನಿನ್ನನ್ನು ಕರೆತರಲು ನನ್ನ ಗಂಡ ಕ್ಲೈಡ್ ಹೋಗಿದ್ದ. ಪ್ರಯಾಣಿಕರೆಲ್ಲ ಬಂದರು, ಕೊನೆಗೆ ಪೈಲಟ್ ಕೂಡ ಪೆಟ್ಟಿಗೆ ಎಳೆದುಕೊಂಡು ಹೊರಟುಹೋದ. ಕ್ಲೈಡ್ ಒಬ್ಬನೇ ಮನೆಗೆ ಬಂದು, ಬಾಗಿಲಲ್ಲಿ ನಿಂತು, ಇಲ್ಲವೆಂದು ತಲೆಯಾಡಿಸಿದ. ಬಾಗಿಲ ಸದ್ದಿಗೇ ಅಮ್ಮ ಕೈಚಾಚಿದಳು. "ಬಂದ್ಯಾ ಮಗಾ?" ಕ್ಲೈಡ್ ಸುಳ್ಳು ಹೇಳುವವನಲ್ಲ. ಹೋಗಿ ಆ ಕೈ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಅವಳು ಹೋದಳು.

ಎಂಜಿನ್ ಕೆಟ್ಟು ಎಲ್ಲರನ್ನೂ ಇಳಿಸಿಬಿಟ್ಟರು ಎಂದು ನೀನು ಆಮೇಲೆ ಫೋನಿನಲ್ಲಿ ಹೇಳಿದೆ. ಆ ವಿಮಾನ ಬಂದಿತ್ತು ಕಣೋ! ಮೊನ್ನೆ ಜನೀನ್ ಫೋನಿನಲ್ಲಿ ಅತ್ತಳು: "ಅವರು ಮನೆ ಬಿಟ್ಟು ಹೊರಡ್ಲೇ ಇಲ್ಲ ಅತ್ತಿಗೆ. ಗ್ಯಾರೇಜಲ್ಲಿ ಕೂತು ಮೆಸೇಜು ಹಾಕಿದ್ರು. ಅಮ್ಮ ಸಾಯೋದನ್ನ ನನ್ ಕೈಲಿ ನೋಡೋಕಾಗಲ್ಲ ಅಂದ್ರು."

ನನ್ನ ಕೈಲಿ ಮಾತ್ರ ಆಗುತ್ತಿತ್ತೇನೋ? ಭಯ ಎಂದಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಗ್ಯಾರೇಜಿನಲ್ಲಿ ಕೂತವನನ್ನು ನಾನು ಅಷ್ಟು ರಾಜ್ಯಗಳ ಮೇಲೆ ಹಾರಿಸಿದೆನಲ್ಲ! ಸಾಯುವ ಅಮ್ಮನಿಗೆ ನೀನು ನನ್ನ ಬಾಯಿಂದಲೇ ಮೋಸ ಮಾಡಿಸಿದೆ. ಅದು ನನಗೆ ನುಂಗಲು ಆಗುತ್ತಿಲ್ಲ.

ಆದರೂ ಅಕ್ಕ ಅಲ್ಲವೇ, ಶಾಪ ಹಾಕಲು ಬಾಯಿ ಬಾರದು. ಮಕ್ಕಳು ನೂರು ಕಾಲ ಬಾಳಲಿ. ನೀನು ಮಾತ್ರ ಈಸ್ಟರಿಗೆ ಬರಬೇಡ.

ನಿನ್ನ ಅಕ್ಕ,
ಲೊರೇನ್

ಮತ್ತೊಂದು ಮಾತು: ಕ್ಲೈಡನ ಕೈ ಹಿಡಿದು ಅಮ್ಮ ಕೊನೆಗೊಂದು ಮಾತಾಡಿದಳು. ನಿನಗೆಂದು ಆಡಿದ್ದು, ಆದ್ದರಿಂದ ತಲುಪಿಸುತ್ತಿದ್ದೇನೆ. "ನೀನು ಬಂದ್ಯಲ್ಲ, ಸಾಕು ಮಗಾ. ಇಷ್ಟು ವರ್ಷ ನನ್ ಹತ್ರ ನನ್ನೋರು ಅಂತ ಒಬ್ರೂ ಇರ್ಲಿಲ್ಲ." ಅಷ್ಟೂ ವರ್ಷ ಅವಳನ್ನು ಮೀಯಿಸಿ ಉಣಿಸಿದ ನಾನು, ಮಂಚದ ಈ ಬದಿಯಲ್ಲಿ, ಅವಳ ಇನ್ನೊಂದು ಕೈ ಹಿಡಿದುಕೊಂಡೇ ಇದ್ದೆ.