ನನ್ನ ಶಾಲೆಯ ಒಂದೇ ಕಾಯ್ದೆ

ಚಿತ್ತಾಪುರ, 1945

ಅಪ್ಪಾ, ಇದನ್ನು ನೀವು ಓದಲಾರಿರಿ. ಆದರೂ ಹೇಳದೆ ಇರಲಾರೆ.

ನೀವು ತೀರಿಕೊಂಡ ವರ್ಷ, ನಿಮ್ಮ ಹಾಗೆ ಉಗ್ಗುವವರಿಗಾಗಿ ನಮ್ಮ ಪಡಸಾಲೆಯಲ್ಲಿ ತೆರೆದ ಶಾಲೆಯಲ್ಲಿ ಈಗ ನನ್ನ ಕೈಕೆಳಗೆ ಮೂವರು ಮಾಸ್ತರರು! ಕಾಯ್ದೆ ಒಂದೇ: ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಬಾರದು.

ಇವತ್ತು ಹೆಂಡತಿಯೊಡನೆ ಶಾಲೆಗೆ ಬಂದ ಗುಂಡಗುರ್ತಿಯ ನಾಗೇಂದ್ರಪ್ಪನವರನ್ನು "ಏನು ಕುಡೀತೀರ್ರಿ?" ಎಂದು ಕೇಳಿದೆ. "ನನಗ..." ಎಂದು ನಿಂತುಬಿಟ್ಟರು. ಇಪ್ಪತ್ತು ವರ್ಷ "ಚಹಾ ಬೇಕಂತ್ರಿ" ಎಂದು ಅವರ ಮಾತು ಮುಗಿಸುತ್ತ ಬಂದ ಹೆಂಡತಿ ಸೆರಗು ಕಚ್ಚಿ ಕೂತರು. ಕೊನೆಗೂ ಮಾತು ಹೊರಬಂತು: "ನನಗ ಚಹಾ ಸೇರಂಗಿಲ್ರಿ!"

"ಅಯ್ಯ ಶಿವನೇ, ಮತ್ತ ಇಷ್ಟು ದಿನ ಹ್ಯಾಂಗ ಕುಡುದ್ರಿ?" ಎಂದು ಆಕೆಯೇ ಬಿದ್ದುಬಿದ್ದು ನಕ್ಕರು.

ಕೊನೆಯ ದಿನ ನೀವೂ "ಸೂಗಾ, ನನಗ..." ಎಂದು ನಿಂತಿರಿ. "ನೀರೇನಪ್ಪಾ?" ಎಂದು ಓಡಿ ತಂದುಕೊಟ್ಟೆ. ಸುಮ್ಮನೆ ಕುಡಿದಿರಿ.

ಬಾಯಾರಿತ್ತೇ, ಅಪ್ಪಾ?